ಕಬ್ಬಿಣವನ್ನು ತಂದವರು ಯಾರು?

ಇಂಡಿ, ಸಿಂದಗಿ ಕಡೆಯ ಎರೆಭೂಮಿಯಲ್ಲಿ ಕಬ್ಬಿಣದ ಗುಳವಿಲ್ಲದ ನೇಗಿಲನ್ನು ಊಹಿಸುವುದು ಕಷ್ಟ. ಆದರೆ ಕರ್ನಾಟಕದ ಮೊದಲ ಬೇಸಾಯಗಾರರು ಕಲ್ಲಿನ ಕೊಡಲಿಯನ್ನೇ ನಂಬಿ ಸಾವಿರಕ್ಕೂ ಹೆಚ್ಚು ವರ್ಷ ಬಾಳಿದರು. ಕಲ್ಲಿನ ಜಾಗಕ್ಕೆ ಕಬ್ಬಿಣ ಬಂದದ್ದು ಹೇಗೆ?

ಇಂಥ ಬದಲಾವಣೆಗೆ ಪುರಾತತ್ವಜ್ಞರು ಮುಖ್ಯವಾಗಿ ಮೂರು ಬಗೆಯ ವಿವರಣೆ ನೀಡುತ್ತಾರೆ. ವಲಸೆ ಬಂದ ಜನರು ಹೊಸ ವಿದ್ಯೆಯನ್ನು ತಂದಿರಬಹುದು. ವ್ಯಾಪಾರ, ಒಡನಾಟಗಳಿಂದ ಅದು ಹರಡಿರಬಹುದು. ಇಲ್ಲವೆ ಸ್ಥಳೀಯರೇ ಕಂಡುಕೊಂಡಿರಬಹುದು.

1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಮೇಲಿನ ಪದರಗಳ ಕೆಲವು ಮಡಕೆಚೂರುಗಳು ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸಾಮಗ್ರಿಯೊಂದಿಗೆ ದೊರೆತವನ್ನು ಹೋಲುತ್ತಿದ್ದವು. ಆದ್ದರಿಂದ ಅವು ಕ್ರಿ.ಶ. ಒಂದನೆಯ ಶತಮಾನದವು ಎಂದಾಯಿತು. ಇದನ್ನೇ ಆಧಾರವಾಗಿಟ್ಟು ಕೆಳಗಿನ ಪದರಗಳ ಕಾಲವನ್ನು ಅಂದಾಜಿಸಿದ ವೀಲರ್, ಕಬ್ಬಿಣ ಬಳಸುತ್ತಿದ್ದ ಬೃಹತ್‌ಶಿಲಾ ಸಮಾಧಿಗಳ ಜನರು ಸುಮಾರು ಕ್ರಿ.ಪೂ. 200ರಲ್ಲಿ ಹೊರಗಿನಿಂದ ಬಂದರೆಂದು ತೀರ್ಮಾನಿಸಿದರು.

1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ತುಂಗಭದ್ರಾ ತೀರದ ಹಳ್ಳೂರಿನಲ್ಲಿ (ಈಗಿನ ಹಾವೇರಿ ಜಿಲ್ಲೆ) ಉತ್ಖನನ ನಡೆಸಿದರು. ಕಬ್ಬಿಣ ಮೊದಲು ಕಾಣಿಸುವ ಹಂತದಲ್ಲಿ ಹಳೆಯ ನವಶಿಲಾಯುಗದ ಸಾಮಗ್ರಿಯೂ ಇತ್ತು. ಅಲ್ಲಿನ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಲಾಯಿತು. ಮರ ಸತ್ತ ಮೇಲೆ ಅದರಲ್ಲಿನ ಕಾರ್ಬನ್-14 ಪ್ರತಿ 5,730 ವರ್ಷಗಳಿಗೆ ಅರ್ಧವಾಗುತ್ತದೆ. ಮೂಲ ಪ್ರಮಾಣದ ಸುಮಾರು ಶೇ. 70 ಉಳಿದಿದ್ದರೆ ವಯಸ್ಸು ಸುಮಾರು 3,000 ವರ್ಷ. ಹಳ್ಳೂರಿನ ಇದ್ದಿಲಿನ ಕಾಲ ಕ್ರಿ.ಪೂ. 1000ದ ಆಸುಪಾಸು ಎಂದು ತಿಳಿದುಬಂತು. ದಕ್ಷಿಣದ ಕಬ್ಬಿಣದ ಇತಿಹಾಸ ಸುಮಾರು 800 ವರ್ಷ ಹಿಂದಕ್ಕೆ ಸರಿಯಿತು.

ಹಾಗಾದರೆ ಸ್ಥಳೀಯರೇ ಕಬ್ಬಿಣವನ್ನು ಕಂಡುಹಿಡಿದರೆಂದು ಸಿದ್ಧವಾಯಿತೆ? ಇಲ್ಲ. ಬಿದ್ದುಹೋದದ್ದು ವೀಲರ್ ಹೇಳಿದ ಕಾಲ ಮಾತ್ರ. ಹಳೆಯ ಮತ್ತು ಹೊಸ ಸಾಮಗ್ರಿ ಒಟ್ಟಿಗಿರುವುದು, ಹಳೆಯ ನಿವಾಸಿಗಳೇ ಕ್ರಮೇಣ ಕಬ್ಬಿಣ ಬಳಸತೊಡಗಿದರೆಂದು ಸೂಚಿಸುತ್ತದೆ. ಅದನ್ನು ಕರಗಿಸುವ ವಿದ್ಯೆ ಎಲ್ಲಿಯದೆಂದು ಹೇಳುವುದಿಲ್ಲ. ಅದಕ್ಕೆ ಕುಲುಮೆ, ಕಿಟ್ಟ, ಅದಿರುಗಳ ಸಾಕ್ಷ್ಯ ಬೇಕು. ಅಲ್ಲದೆ, ಅಳೆದದ್ದು ಇದ್ದಿಲಿನ ವಯಸ್ಸನ್ನು, ಕಬ್ಬಿಣದ್ದನ್ನಲ್ಲ. ಇಲಿಯ ಬಿಲವೊಂದು ಸಾಕು, ಎರಡು ಕಾಲದ ವಸ್ತುಗಳು ಬೆರೆಯಲು!

ಎಲ್ಲವೂ ಹೊರಗಿನಿಂದ ಬಂತೆಂಬ ಆತುರವಾಗಲಿ, ಎಲ್ಲವೂ ನಮ್ಮದೇ ಎಂಬ ಅಭಿಮಾನವಾಗಲಿ ವಿವರಣೆಯಾಗದು. ಅಳತೆ ತಪ್ಪು ಉತ್ತರವನ್ನು ಅಳಿಸುತ್ತದೆ. ಸರಿಯುತ್ತರಕ್ಕೆ ಮತ್ತೆ ನೆಲವನ್ನೇ ಅಗೆಯಬೇಕು. ವಿದ್ಯಾರ್ಥಿಗಳಿಗೆ ನಾವು ಕಲಿಸಬೇಕಾದ ವೈಜ್ಞಾನಿಕ ವಿಧಾನವೂ ಇದೇ ಅಲ್ಲವೆ?