ಒಂದು ಹಾಳೆ, ಹದಿನಾರು ಪುಟ

ಒಂದು ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿರಿ. ಪ್ರತಿ ಸಲವೂ ಉದ್ದದ ಬದಿಯನ್ನೇ ಅರ್ಧ ಮಾಡಿರಿ. ಬಿಡಿಸದೆ, ಮೂಲೆಗಳನ್ನೆತ್ತಿ 1ರಿಂದ 16ರವರೆಗೆ ಪುಟಸಂಖ್ಯೆ ಬರೆಯಿರಿ. ಈಗ ಬಿಡಿಸಿ ನೋಡಿರಿ. 1ರ ಪಕ್ಕದಲ್ಲಿರುವುದು 2 ಅಲ್ಲ, 16. 4ರ ಪಕ್ಕದಲ್ಲಿ 13. ಪ್ರತಿ ಜೋಡಿಯ ಮೊತ್ತ 17. ಅರ್ಧದಷ್ಟು ಅಂಕಿಗಳು ತಲೆಕೆಳಗು! ಮುದ್ರಣಾಲಯದವರು 'ಫಾರಂ' ಎನ್ನುವುದು ಇದನ್ನೇ.

1455ರ ಸುಮಾರಿಗೆ ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್‌ನಲ್ಲಿ ಹಾಳೆಯನ್ನು ಒಂದೇ ಸಲ ಮಡಚಲಾಗಿತ್ತು. ಅದು ಮೇಜಿನ ಮೇಲಿಟ್ಟು ಓದಬೇಕಾದ ಗ್ರಂಥ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನುಷಿಯಸ್ ವರ್ಜಿಲ್ ಕವಿಯ ಕೃತಿಯನ್ನು ಮೂರು ಮಡಿಕೆಯಲ್ಲಿ ಮುದ್ರಿಸಿದನು. ಪುಸ್ತಕ ಓದುಗನ ಕೈಗೆ ಬಂತು.

ಆಗ ಅಚ್ಚುಮೊಳೆಯ ಪುಟಗಳನ್ನು ಈ ಕ್ರಮದಲ್ಲಿಟ್ಟು ಚೌಕಟ್ಟಿನಲ್ಲಿ ಬಿಗಿಯುತ್ತಿದ್ದರು. ಆಫ್‌ಸೆಟ್ ಬಂದ ಮೇಲೆ ಫಿಲ್ಮುಗಳನ್ನು ಅಂಟಿಸಿ ಪ್ಲೇಟ್ ಮಾಡಿದರು. 1984ರಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್, 1993ರಲ್ಲಿ ಪಿಡಿಎಫ್ ಬಂದವು. 1990ರ ದಶಕದಲ್ಲಿ ಕಂಪ್ಯೂಟರಿನಿಂದ ನೇರವಾಗಿ ಪ್ಲೇಟಿನ ಮೇಲೆ ಲೇಸರ್ ಕಿರಣದಿಂದ ಪುಟ ಮೂಡಿಸುವ ಯಂತ್ರಗಳು ಹರಡಿದವು.

ಈಗ ಪುಟ ಜೋಡಿಸುವುದು ತಂತ್ರಾಂಶ. ಆದರೆ ಹಾಳೆ ಹೇಗೆ ಮಡಚುತ್ತದೆಂದು ಅದಕ್ಕೆ ಮನುಷ್ಯನೇ ಹೇಳಬೇಕು. ತಪ್ಪಿದರೆ ಸಾವಿರಾರು ಹಾಳೆ ರದ್ದಿಯ ಪಾಲು. ಅನುಭವಿಗಳು ಇಂದಿಗೂ ಮೊದಲು ಕಾಗದ ಮಡಚಿ ಡಮ್ಮಿ ಮಾಡುತ್ತಾರೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನೀವೇ ಸಂಚಿಕೆಯೊಂದನ್ನು ಸಂಪಾದಿಸುವಾಗ, '60 ಪುಟ ಬೇಡ, 64 ಮಾಡಿ' ಎಂದು ಮುದ್ರಕರು ಹೇಳಿದರೆ ಬೇಸರಿಸಬೇಡಿ. ನಾಲ್ಕು ಫಾರಂ ಸರಿಯಾಗಿ ತುಂಬಲಿ ಎಂದೇ ಅವರು ಹಾಗೆನ್ನುವುದು. ಉಳಿದ ನಾಲ್ಕು ಪುಟದಲ್ಲಿ ಇನ್ನೊಬ್ಬ ಹೊಸ ಬರಹಗಾರನಿಗೆ ಜಾಗ ಕೊಡಿ.