ಮರುಪರೀಕ್ಷೆಯ ಅಂಕ: ಅಮೆರಿಕದ ಕಾಲೇಜು ಪ್ರವೇಶದಲ್ಲಿ ಅದರ ಇತಿಹಾಸ

ಅಮೆರಿಕದ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಅಥವಾ ಎಸಿಟಿಯನ್ನು ಒಂದಕ್ಕಿಂತ ಹೆಚ್ಚು ಸಲ ಬರೆದಾಗ ಯಾವ ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದು ಆಯಾ ಕಾಲೇಜಿಗೆ ಬಿಟ್ಟ ವಿಚಾರ. ಇಡೀ ದೇಶಕ್ಕೆ ಒಂದೇ ನಿಯಮ ಅಂದೂ ಇರಲಿಲ್ಲ, ಇಂದೂ ಇಲ್ಲ.

ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1926ರ ಜೂನ್‌ನಲ್ಲಿ ಮೊದಲ ಎಸ್‌ಎಟಿ ನಡೆಸಿತು. ಬರೆದವರು ಸುಮಾರು 8,000 ಮಂದಿ. ರೂಪಿಸಿದ ಮನೋವಿಜ್ಞಾನಿ ಕಾರ್ಲ್ ಬ್ರಿಗಮ್ ಬುದ್ಧಿಮಾಪನದ ಹಿನ್ನೆಲೆಯವರು. ಹುಟ್ಟು ಸಾಮರ್ಥ್ಯವನ್ನೇ ಪರೀಕ್ಷೆ ಅಳೆಯುತ್ತದೆ ಎಂದು ನಂಬಿದವರಿಗೆ ಎರಡನೆಯ ಪ್ರಯತ್ನ ವ್ಯರ್ಥವೆನಿಸುವುದು ಸಹಜ. ಆ ನಂಬಿಕೆಯ ಬುಡ ಅಲುಗಾಡಿಸಿದ್ದು ಬ್ರೂಕ್ಲಿನ್‌ನಲ್ಲಿ ಮನೆಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಕ್ಯಾಪ್ಲನ್. 1940ರ ದಶಕದಿಂದ ಅವರು ಎಸ್‌ಎಟಿಗೆ ತರಬೇತಿ ಕೊಟ್ಟು, ಅಭ್ಯಾಸದಿಂದ ಅಂಕ ಏರುತ್ತದೆಂದು ವಾದಿಸುತ್ತ ಬಂದರು.

ಯಾವ ಅಂಕ ಕಳಿಸಬೇಕೆಂಬ ಆಯ್ಕೆ ವಿದ್ಯಾರ್ಥಿಯ ಕೈಗೆ ಬಂದದ್ದು ತಡವಾಗಿ. ‘ಸ್ಕೋರ್ ಚಾಯ್ಸ್’ ಮೊದಲು 1993ರಲ್ಲಿ ವಿಷಯವಾರು ಪರೀಕ್ಷೆಗಳಿಗೆ ಬಂತು, 2002ರಲ್ಲಿ ನಿಂತಿತು, 2009ರಲ್ಲಿ ಮುಖ್ಯ ಎಸ್‌ಎಟಿಗೂ ಸೇರಿ ಮರಳಿತು. ಜಾರ್ಜ್‌ಟೌನ್‌ನಂಥ ವಿಶ್ವವಿದ್ಯಾಲಯಗಳು ಇದಕ್ಕೆ ಒಪ್ಪದೆ, ಬರೆದ ಅಷ್ಟೂ ಸಲದ ಅಂಕ ಕೇಳಿದವು. ಇನ್ನೊಂದು ದಾರಿ ‘ಸೂಪರ್‌ಸ್ಕೋರ್’. ಒಬ್ಬ ವಿದ್ಯಾರ್ಥಿಗೆ ಮಾರ್ಚ್‌ನಲ್ಲಿ ಗಣಿತಕ್ಕೆ 680, ಓದು-ಬರಹಕ್ಕೆ 720. ಅಕ್ಟೋಬರ್‌ನಲ್ಲಿ 750 ಮತ್ತು 690 ಬಂತೆನ್ನಿ. ಒಟ್ಟು ಅಂಕ 1400 ಮತ್ತು 1440. ಕಾಲೇಜು ಮಾತ್ರ ಎರಡರ ಮೇಲಂಕಗಳನ್ನು ಕೂಡಿಸಿ 1470 ಎಂದು ಓದುತ್ತದೆ, ಆ ವಿದ್ಯಾರ್ಥಿ ಒಂದೇ ದಿನ ಕೂತು ಗಳಿಸದ ಅಂಕ! 2021ರಿಂದ ಎಸಿಟಿ ಸಂಸ್ಥೆ ತಾನೇ ಸೂಪರ್‌ಸ್ಕೋರ್ ಲೆಕ್ಕಹಾಕಿ ಕೊಡತೊಡಗಿತು.

ಕೋವಿಡ್ ಕಾಲದಲ್ಲಿ ಬಹಳಷ್ಟು ಕಾಲೇಜುಗಳು ಪರೀಕ್ಷೆಯನ್ನೇ ಐಚ್ಛಿಕ ಮಾಡಿದವು. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಮತ್ತೆ ಕಡ್ಡಾಯವೆಂದವು, ಅದರೊಂದಿಗೆ ಅಲ್ಲಿ ಯಾವ ಅಂಕ ಎಂಬ ಪ್ರಶ್ನೆಯೂ ಮರಳಿತು.

ಈ ಇತಿಹಾಸದಲ್ಲಿ ಗಂಭೀರವಾದ ಪ್ರಶ್ನೆ ಹಣದ್ದು. ಸಂಶೋಧಕರಾದ ಗುಡ್‌ಮನ್, ಗುರಂಟ್ಸ್ ಮತ್ತು ಸ್ಮಿತ್ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಮರುಪರೀಕ್ಷೆಯಿಂದ ಅಂಕವೂ ನಾಲ್ಕು ವರ್ಷದ ಕಾಲೇಜು ಸೇರುವವರ ಪ್ರಮಾಣವೂ ಏರುತ್ತದೆಂದೂ, ಬಡ ಮನೆಯ ಮಕ್ಕಳು ಮತ್ತೆ ಬರೆಯುವುದು ಕಡಿಮೆಯೆಂದೂ ತೋರಿಸಿತು. ಹೆಚ್ಚು ಅಗತ್ಯವಿದ್ದವರಿಗೇ ಈ ಅವಕಾಶ ಕೈತಪ್ಪುತ್ತಿದೆ, ಇದು ಅನ್ಯಾಯ. ಬಡ ವಿದ್ಯಾರ್ಥಿಗಳಿಗೆ ಎರಡು ಎಸ್‌ಎಟಿ ಉಚಿತ, ಮೂರನೆಯದಕ್ಕೆ ಕೈಯಿಂದ ಕೊಡಬೇಕು. ಬೆಂಗಳೂರಿನಲ್ಲಿ ಬರೆಯುವ ಭಾರತೀಯ ವಿದ್ಯಾರ್ಥಿಗೆ ಅಮೆರಿಕದ ಈ ವಿನಾಯಿತಿ ಸಾಮಾನ್ಯವಾಗಿ ಸಿಗದು. ಸಾಮಾನ್ಯವಾಗಿ ಶುಲ್ಕದ ಮೇಲೆ ಹೊರದೇಶದ ಹೆಚ್ಚುವರಿ ಶುಲ್ಕ ಕಟ್ಟಬೇಕು.