ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬೋಧನಾ ಕ್ರಮ: ಅಭ್ಯರ್ಥಿಗಳು ಹಾಗೂ ಪೋಷಕರ ಮಾಹಿತಿಗಾಗಿ

ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ (ಐ.ಟಿ.ಐ.) ಪ್ರವೇಶ ಬಯಸುವ ಅಭ್ಯರ್ಥಿಗಳು ಸಾಮಾನ್ಯವಾಗಿ ಅರ್ಹತೆ, ಮೀಸಲಾತಿ, ಶುಲ್ಕ ಹಾಗೂ ಕೊನೆಯ ದಿನಾಂಕಗಳ ಬಗ್ಗೆ ವಿಚಾರಿಸುತ್ತಾರೆ. ಕಾರ್ಯಾಗಾರದಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ಕೇಳುವವರು ವಿರಳ. ಪ್ರವೇಶ ಪಡೆದ ಮೇಲೆ ಆಸಕ್ತಿ ಕಳೆದುಕೊಂಡು ಅರ್ಧದಲ್ಲಿಯೇ ಬಿಟ್ಟರೆ ಅಭ್ಯರ್ಥಿಯ ಒಂದು ವರ್ಷವೂ ವ್ಯರ್ಥ, ಬೇರೊಬ್ಬರಿಗೆ ದೊರೆಯಬಹುದಾಗಿದ್ದ ಸ್ಥಾನವೂ ವ್ಯರ್ಥ. ಆದ್ದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಕುಶಲಕರ್ಮಿ ತರಬೇತಿ ಯೋಜನೆಯು ದೇಶದಲ್ಲಿ 1950ರಲ್ಲಿ ಪ್ರಾರಂಭವಾಯಿತು. ಫಿಟ್ಟರ್ ಹಾಗೂ ಎಲೆಕ್ಟ್ರಿಷಿಯನ್ ವೃತ್ತಿಗಳ ತರಬೇತಿಯು 2 ವರ್ಷ, ವೆಲ್ಡರ್ ವೃತ್ತಿಯದು 1 ವರ್ಷ. 2013ರಲ್ಲಿ ಜಾರಿಗೆ ಬಂದ ಸೆಮಿಸ್ಟರ್ ಪದ್ಧತಿಯನ್ನು 2018ರಲ್ಲಿ ಕೈಬಿಟ್ಟು ಪುನಃ ವಾರ್ಷಿಕ ಪದ್ಧತಿಯನ್ನು ಅಳವಡಿಸಲಾಯಿತು. ಪರೀಕ್ಷೆಗೆ ಹಾಜರಾಗಲು ಶೇ. 80ರಷ್ಟು ಹಾಜರಾತಿ ಅವಶ್ಯಕವಾಗಿದೆ. ಹಾಜರಾತಿಯ ನಿಯಮದಿಂದ ಪ್ರಶಿಕ್ಷಣಾರ್ಥಿಯನ್ನು ಬೆಂಚಿನ ಮುಂದೆ ನಿಲ್ಲಿಸಬಹುದೇ ಹೊರತು ಕಲಿಸಲಾಗದು.

ನಾಲ್ಕು ಹಂತಗಳ ವಿಧಾನ

ವೃತ್ತಿ ಬೋಧಕರಿಗೆ ಕಲಿಸಲಾಗುವ ಮೂಲ ವಿಧಾನವು ಸಿದ್ಧತೆ, ಪ್ರಸ್ತುತಿ, ಅನ್ವಯ ಹಾಗೂ ಪರೀಕ್ಷೆ ಎಂಬ ನಾಲ್ಕು ಹಂತಗಳನ್ನು ಒಳಗೊಂಡಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳ ಕಾರ್ಮಿಕರ ತರಬೇತಿಯಲ್ಲಿ ತೊಡಗಿದ್ದ ಚಾರ್ಲ್ಸ್ ಆರ್. ಅಲೆನ್ ಅವರು ಈ ಕ್ರಮವನ್ನು 1919ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಇಷ್ಟು ಹಳೆಯದಾದರೂ ಇದಕ್ಕಿಂತ ಉತ್ತಮವಾದುದು ಕಾರ್ಯಾಗಾರದಲ್ಲಿ ಇನ್ನೂ ಕಂಡುಬಂದಿಲ್ಲವೆಂದೇ ಹೇಳಬೇಕು.

ಫಿಟ್ಟರ್ ವೃತ್ತಿಯ ಮೊದಲ ವಾರಗಳ ಅರ ಹಾಕುವ ಕೆಲಸವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೊಸಬರು ಅರವನ್ನು ತೂಗಾಡಿಸುವುದರಿಂದ ಕಬ್ಬಿಣದ ತುಂಡಿನ ಮಧ್ಯಭಾಗ ಉಬ್ಬಿ ಅಂಚುಗಳು ಇಳಿಯುತ್ತವೆ. ಉತ್ತಮ ಬೋಧಕರು ಇದನ್ನು ಕಪ್ಪುಹಲಗೆಯ ಮೇಲೆ ಬರೆಸುವುದಿಲ್ಲ. ತಾವೇ ವೈಸ್ ಮುಂದೆ ನಿಂತು, ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಡ ನೀಡಿ, ಹಿಂದಕ್ಕೆ ತರುವಾಗ ಸಡಿಲಿಸುವುದನ್ನು ನಿಧಾನವಾಗಿ ತೋರಿಸುತ್ತಾರೆ. ಬಳಿಕ ಪ್ರಶಿಕ್ಷಣಾರ್ಥಿಯು ಮಾಡಿದ ತುಂಡಿಗೆ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುವಂತೆ ಸೂಚಿಸುತ್ತಾರೆ. ಸಂದಿನಲ್ಲಿ ಬೆಳಕು ತೂರಿಬಂದರೆ ತಪ್ಪು ಎಲ್ಲಿದೆ ಎಂಬುದು ಯಾರೂ ಹೇಳದೆಯೇ ಅವನಿಗೆ ತಿಳಿಯುತ್ತದೆ. ಬೈಗುಳಕ್ಕೆ ಅಲ್ಲಿ ಕೆಲಸವಿಲ್ಲ.

ಲೆಕ್ಕದ ಭಯವೂ ಇದೇ ಮಾರ್ಗದಲ್ಲಿ ಕಡಿಮೆಯಾಗುತ್ತದೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವನ್ನು ಕಷ್ಟದಿಂದ ದಾಟಿಬಂದ ಅಭ್ಯರ್ಥಿಗೆ ದಶಮಾಂಶವೆಂದರೆ ಅಂಜಿಕೆ. ವರ್ನಿಯರ್ ಕ್ಯಾಲಿಪರ್‌ನ 50 ಗೆರೆಗಳ ಮಾಪಕವು ಮುಖ್ಯ ಮಾಪಕದ 49 ಮಿ.ಮೀ.ಗೆ ಸಮನಾಗಿರುವುದನ್ನು ಕೈಯಲ್ಲಿ ಹಿಡಿದು ನೋಡಿದಾಗ, ಒಂದು ಗೆರೆ 0.98 ಮಿ.ಮೀ. ಎಂದೂ ವ್ಯತ್ಯಾಸ 0.02 ಮಿ.ಮೀ. ಎಂದೂ ಆತ ತಾನೇ ಕಂಡುಕೊಳ್ಳುತ್ತಾನೆ. ಕಾರ್ಯಾಗಾರ ಲೆಕ್ಕಾಚಾರ ಮತ್ತು ವಿಜ್ಞಾನ ವಿಷಯವನ್ನು ಬೇರೆ ಕೊಠಡಿಯ ಬೇರೆ ಪಾಠವಾಗಿ ಬೋಧಿಸದೆ ಅಂದಿನ ಕೆಲಸಕ್ಕೆ ಜೋಡಿಸಿದ ಕಡೆ ಗಮನ ಉಳಿಯುತ್ತದೆ.

ಗ್ರಾಮೀಣ ಅಭ್ಯರ್ಥಿಗಳ ಅನುಭವವನ್ನೂ ಬೋಧಕರು ಬಳಸಿಕೊಳ್ಳುವುದು ಸೂಕ್ತ. ಹೊಲದ ಪಂಪ್‌ಸೆಟ್ ಮೋಟಾರ್ ಸುಟ್ಟಾಗ ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ದವನಿಗೆ ತ್ರೀ ಫೇಸ್ ಮೋಟಾರ್ ಅಪರಿಚಿತವಲ್ಲ. ಒಂದು ಫೇಸ್ ತಪ್ಪಿದರೆ ಮೋಟಾರ್ ಏಕೆ ಗುಂಯ್‌ಗುಟ್ಟುತ್ತದೆ ಎಂಬಲ್ಲಿಂದ ಪಾಠ ಪ್ರಾರಂಭವಾದರೆ ಅವನೇ ಮೊದಲು ಉತ್ತರಿಸಬಲ್ಲ. ವಿವರಣೆ ಕನ್ನಡದಲ್ಲಿರಲಿ, ಆದರೆ ಉಪಕರಣಗಳ ಹೆಸರು ಕಾರ್ಖಾನೆಯಲ್ಲಿ ಬಳಸುವಂತೆಯೇ ಇರಬೇಕಾಗುತ್ತದೆ, ಏಕೆಂದರೆ ನಾಳೆ ಮೇಲ್ವಿಚಾರಕರು ಕೇಳುವುದು ಅದೇ ಹೆಸರಿನಿಂದ.

ನೂತನ ಯಂತ್ರಗಳು

ಉದ್ಯಮಗಳ ಸಹಭಾಗಿತ್ವದಲ್ಲಿ ಸುಮಾರು 4,700 ಕೋಟಿ ರೂ. ವೆಚ್ಚದಲ್ಲಿ ಉನ್ನತೀಕರಿಸಲಾದ ರಾಜ್ಯದ 150 ಸಂಸ್ಥೆಗಳನ್ನು ಪ್ರಧಾನಮಂತ್ರಿಯವರು ಜೂನ್ 2022ರಲ್ಲಿ ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ಯಂತ್ರವಿದ್ದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಇಪ್ಪತ್ತು ಜನ ಸುತ್ತ ನಿಂತು ಒಬ್ಬರು ಗುಂಡಿ ಒತ್ತುವುದನ್ನು ನೋಡಿದರೆ ಅದು ಪ್ರದರ್ಶನ ಮಾತ್ರ. ಇಬ್ಬರು ಮೂವರ ತಂಡಗಳಾಗಿ ಸರದಿಯಂತೆ ಕೆಲಸ ಹಂಚುವುದು ಅವಶ್ಯಕ. 2016ರಲ್ಲಿ ಪರಿಚಯಿಸಲಾದ ದ್ವಿ ತರಬೇತಿ ವ್ಯವಸ್ಥೆಯಲ್ಲಿ ತರಬೇತಿಯ ಒಂದು ಭಾಗವು ಕೈಗಾರಿಕೆಯಲ್ಲಿಯೇ ನಡೆಯುತ್ತದೆ.

ಆದ್ಯತೆ ನಮೂದಿಸುವ ಮುನ್ನ

ಅಭ್ಯರ್ಥಿಗಳು ಸಾಧ್ಯವಿದ್ದಲ್ಲಿ ಪ್ರಾಂಶುಪಾಲರ ಅನುಮತಿ ಪಡೆದು, ಕೆಲಸದ ದಿನದಂದು ಕಾರ್ಯಾಗಾರವನ್ನು ವೀಕ್ಷಿಸುವುದು ಒಳಿತು. ಆ ವೃತ್ತಿಗೆ ಬೋಧಕರು ಇದ್ದಾರೆಯೇ, ಅವರು ಕುಶಲಕರ್ಮಿ ಬೋಧಕರ ತರಬೇತಿ (ಸಿ.ಐ.ಟಿ.ಎಸ್.) ಪಡೆದಿದ್ದಾರೆಯೇ, ಪ್ರಶಿಕ್ಷಣಾರ್ಥಿಗಳು ಯಂತ್ರದ ಬಳಿ ಇರುವರೇ ಅಥವಾ ಟಿಪ್ಪಣಿ ಬರೆದುಕೊಳ್ಳುತ್ತಿರುವರೇ ಎಂಬುದನ್ನು ಗಮನಿಸಬಹುದು. ಹಿಂದಿನ ತಂಡದವರು ಮಾಡಿದ ಕೆಲಸದ ತುಂಡುಗಳನ್ನು ತೋರಿಸುವಂತೆ ಕೋರಬಹುದು. ತುಂಡುಗಳ ಮೇಲೆ ಅಳತೆಯ ಗುರುತು, ದಾಖಲೆ ಪುಸ್ತಕದಲ್ಲಿ ಬೋಧಕರ ತಿದ್ದುಪಡಿ ಇದ್ದಲ್ಲಿ ಅಲ್ಲಿ ಪಾಠ ನಡೆದಿದೆ ಎಂದು ತಿಳಿಯಬಹುದು.